ನೇತ್ರದಾಸೋಹಿ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ

ಕೃಷ್ಣೆ ಮತ್ತು ಘಟಪ್ರಭೆಯರ ತೀರದಲ್ಲಿ ಹಬ್ಬಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪರಿಸರವು ನಾಡಿಗೆ ಅನೇಕ ಮಹನೀಯರನ್ನು ಕೊಟ್ಟ ಪುಣ್ಯಭೂಮಿ. ಕವಿಚಕ್ರವರ್ತಿ ರನ್ನನು ಹುಟ್ಟಿದ ಬೆಳಗಲಿಯು ಮುಧೋಳದ ಮಗ್ಗುಲಲ್ಲಿದೆ. ಭಾರತದ ಉಪರಾಷ್ಟ್ರಪತಿಗಳಾಗಿ, 1977 ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಗಳಾಗಿಯೂ ಸೇವೆ ಸಲ್ಲಿಸಿದ ಬಸಪ್ಪ ದಾನಪ್ಪ ಜತ್ತಿಯವರು ಜಮಖಂಡಿ ಸೀಮೆಯ ಸಾವಳಗಿಯವರು. ಕಾವ್ಯದಲ್ಲಿಯೂ ರಾಜಕಾರಣದಲ್ಲಿಯೂ ಹೀಗೆ ಹೆಸರಾದ ಈ ನೆಲವು ವೈದ್ಯಕೀಯ ಸೇವೆಯ ಕ್ಷೇತ್ರಕ್ಕೂ ಒಬ್ಬ ಅಸಾಮಾನ್ಯ ಪುರುಷನನ್ನು ಅರ್ಪಿಸಿತು. ಲಕ್ಷಾಂತರ ಬಡವರ ಕಣ್ಣಿನ ಕತ್ತಲೆಯನ್ನು ಕಳೆದು, ಹಳ್ಳಿಹಳ್ಳಿಗಳಲ್ಲಿ ಮನೆಮಾತಾದ ಬೀಳಗಿಯ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿಯವರೇ ಆ ಮಹಾಪುರುಷರು.

ಒಬ್ಬ ವೈದ್ಯನನ್ನು ಸಿದ್ಧಗೊಳಿಸಲು ಸರಕಾರವೂ ಸಮಾಜವೂ ಅಪಾರ ದ್ರವ್ಯವನ್ನು ವೆಚ್ಚ ಮಾಡುತ್ತವೆ. ಕಾಲೇಜುಗಳನ್ನು ಕಟ್ಟುತ್ತವೆ, ಅನುದಾನವನ್ನು ನೀಡುತ್ತವೆ, ವಿದ್ಯಾರ್ಥಿವೇತನಗಳನ್ನು ಕೊಡುತ್ತವೆ. ಆದರೆ ಹೀಗೆ ಸಿದ್ಧನಾದ ವೈದ್ಯನು ನಗರದಲ್ಲಿಯೇ ನೆಲೆನಿಲ್ಲದೆ, ತನ್ನ ಅವಶ್ಯಕತೆ ಅತ್ಯಧಿಕವಾಗಿರುವ ಹಳ್ಳಿಯ ಕಡೆಗೆ ಹೆಜ್ಜೆ ಹಾಕುವಂತೆ ಮಾಡುವ ಬಗೆ ಯಾವುದು? ಈ ಪ್ರಶ್ನೆಯನ್ನು ಕಳೆದ ಎಂಟು ದಶಕಗಳಲ್ಲಿ ಅನೇಕ ಸಮಿತಿಗಳು ವಿಚಾರಿಸಿವೆ, ಅನೇಕ ಯೋಜನೆಗಳು ರೂಪುಗೊಂಡಿವೆ, ಶಾಸನಗಳೂ ರಚಿತವಾಗಿವೆ. ಡಾ. ಮೋದಿಯವರು ಈ ಪ್ರಶ್ನೆಗೆ ತಮ್ಮ ಆಯುಷ್ಯವನ್ನೇ ಉತ್ತರವನ್ನಾಗಿ ಕೊಟ್ಟರು. ಆದ್ದರಿಂದಲೇ ಅವರ ಜೀವನವು ಶಿಕ್ಷಕರಿಗೂ ದಾನಿಗಳಿಗೂ ವಿದ್ಯಾರ್ಥಿಗಳಿಗೂ ಮನನಯೋಗ್ಯವಾದುದಾಗಿದೆ.

ಮೋದಿಯವರು 1916 ನೆಯ ಇಸವಿ ಅಕ್ಟೋಬರ್ 4 ರಂದು ಬೀಳಗಿಯಲ್ಲಿ ಜನಿಸಿದರು. ಆಗ ಬೀಳಗಿಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿ ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟಿದ್ದಿತು. ಕೆಲವೇ ಹರಿದಾರಿ ಪಶ್ಚಿಮಕ್ಕೆ ನಡೆದರೆ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನ. ಘಟಪ್ರಭೆಯ ದಂಡೆಯಲ್ಲಿ ಘೋರ್ಪಡೆಯವರ ಮುಧೋಳ ಸಂಸ್ಥಾನ. ರಬಕವಿ, ತೇರದಾಳಗಳು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ ಊರುಗಳು. ಒಂದು ದಿನದ ಎತ್ತಿನ ಗಾಡಿಯ ಪ್ರಯಾಣದಲ್ಲಿ ಮೂರು ನಾಲ್ಕು ಆಡಳಿತಗಳ ಸೀಮೆಯನ್ನು ದಾಟಬೇಕಾಗಿದ್ದ ಕಾಲವದು. ಸರಕಾರಗಳು ಅನೇಕವಿದ್ದರೂ ಹಳ್ಳಿಯ ರೋಗಿಯ ಪಾಲಿಗೆ ವೈದ್ಯನು ಮಾತ್ರ ದುರ್ಲಭನಾಗಿದ್ದನು. ಊರಿನ ನಾಟಿವೈದ್ಯನ ಔಷಧಿ, ಹಿರಿಯರ ಮನೆಮದ್ದು, ದೈವದ ಹರಕೆ, ಇಷ್ಟೇ ಜನಸಾಮಾನ್ಯರಿಗಿದ್ದ ಆಸರೆ.

ಆ ಕಾಲದ ವೈದ್ಯವಿದ್ಯೆಯ ಸ್ಥಿತಿಯನ್ನೂ ಇಲ್ಲಿ ನೆನೆಯುವುದು ಅವಶ್ಯ. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು 1845 ರಷ್ಟು ಹಿಂದೆಯೇ ಸ್ಥಾಪಿತವಾಗಿದ್ದಿತು. ಮೈಸೂರು ಸಂಸ್ಥಾನವು 1924 ರಲ್ಲಿ ತನ್ನದೇ ಆದ ವೈದ್ಯಕೀಯ ಕಾಲೇಜನ್ನು ತೆರೆಯಿತು. ಆದರೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಎಂ.ಬಿ.ಬಿ.ಎಸ್. ಪದವಿಯನ್ನು ಕೊಡುವ ಒಂದು ಕಾಲೇಜೂ ಇರಲಿಲ್ಲ. ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಜನ್ಮತಾಳಿದುದೂ ಮೋದಿಯವರು ಹುಟ್ಟಿದ 1916 ರಲ್ಲಿಯೇ ಎಂಬುದು ಒಂದು ಸೊಗಸಾದ ಯೋಗಾಯೋಗ. ಆ ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯವು 1933 ರಲ್ಲಿ ಆರಂಭವಾಯಿತು. ಅದರ ಅಲೋಪಥಿ ವೈದ್ಯಕೀಯ ಕಾಲೇಜು ತಲೆಯೆತ್ತಲು ಮಾತ್ರ 1963 ರ ವರೆಗೆ ಕಾಯಬೇಕಾಯಿತು. ಈ ಸೀಮೆಯ ಜನರಿಗೆ ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಮಿರಜ. 1894 ರಲ್ಲಿ ಸ್ಥಾಪಿತವಾದ ಅಲ್ಲಿನ ಮಿಶನ್ ಆಸ್ಪತ್ರೆಯೂ, ಅದನ್ನು ಕಟ್ಟಿದ ಡಾ. ವಿಲಿಯಂ ವಾನ್ಲೆಸ್ ಅವರೂ ದಕ್ಷಿಣ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕಗಳಲ್ಲೆಲ್ಲ ಪ್ರಸಿದ್ಧರಾಗಿದ್ದರು. ಆದರೆ ಬೀಳಗಿಯ ಬಡ ಒಕ್ಕಲಿಗನೊಬ್ಬನು ಕಣ್ಣು ಕಾಣದ ತನ್ನ ತಾಯಿಯನ್ನು ಗಾಡಿಯಲ್ಲಿ ಕುಳ್ಳಿರಿಸಿಕೊಂಡು, ಹೊಳೆ ಹಳ್ಳಗಳನ್ನು ದಾಟಿ, ಕುಡಚಿಯ ನಿಲ್ದಾಣದಲ್ಲಿ ಉಗಿಬಂಡಿಯನ್ನೇರಿ ಮಿರಜಕ್ಕೆ ಹೋಗಿ, ಅಲ್ಲಿ ಹಲವು ದಿನಗಳವರೆಗೆ ಉಳಿದು ಬರುವುದೆಂದರೆ ಸಾಮಾನ್ಯದ ಮಾತಾಗಿರಲಿಲ್ಲ. ದುಡಿಮೆಯ ಹಂಗಾಮು ತಪ್ಪಿದರೆ ವರ್ಷದ ಕೂಳಿಗೇ ಸಂಚಕಾರ. ಆದ್ದರಿಂದ ಬಹುಜನರು ಹೋಗುತ್ತಲೇ ಇರಲಿಲ್ಲ. ಕುರುಡುತನವನ್ನು ಮುಪ್ಪಿನ ಪಾಲೆಂದು ಬಗೆದು, ಮನೆಯ ಪಡಸಾಲೆಯ ಮೂಲೆಯಲ್ಲಿ ಕುಳಿತು ಕಾಲ ಕಳೆಯುತ್ತಿದ್ದರು.

ಹೀಗೆ ಕುಳಿತವರಲ್ಲಿ ಹೆಚ್ಚಿನವರ ಕಣ್ಣನ್ನು ಮುಸುಕಿದ್ದುದು ಪೊರೆ. ಉತ್ತರ ಕರ್ನಾಟಕದ ಜನರು ಇದನ್ನು ಮೋತಿಬಿಂದು ಎಂದು ಕರೆಯುವರು. ಕಣ್ಣಿನೊಳಗಿನ ಪಾರದರ್ಶಕ ಮಸೂರವು ವಯಸ್ಸಾದಂತೆ ಮಂಜಾಗಿ, ಬೆಳಕು ಒಳಗೆ ಹೋಗುವ ದಾರಿಯನ್ನು ಮುಚ್ಚುತ್ತದೆ. ಇದಕ್ಕೆ ಔಷಧಿಯಿಲ್ಲ, ಶಸ್ತ್ರಕ್ರಿಯೆಯೊಂದೇ ಉಪಾಯ. ಆದರೆ ಆ ಉಪಾಯವು ಬಹುಮಟ್ಟಿಗೆ ನಿಶ್ಚಿತ ಫಲವನ್ನು ಕೊಡುವಂಥದು. ಈ ಸಂಗತಿಯಲ್ಲಿ ದುಃಖವೂ ಇದೆ, ಆಶೆಯೂ ಇದೆ. ರಬಕವಿ-ಬನಹಟ್ಟಿಯ ನೇಕಾರನ ಮನೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ ಇದರ ಅರ್ಥವು ಸ್ಪಷ್ಟವಾಗುವುದು. ಮಗ್ಗದ ಮೇಲೆ ಹರಿದ ಎಳೆಯನ್ನು ಹುಡುಕಿ ಗಂಟು ಹಾಕಲು, ಬಣ್ಣದ ನೂಲನ್ನು ಗುರುತಿಸಲು, ಅಂಚಿನ ವಿನ್ಯಾಸವನ್ನು ತಪ್ಪದೆ ಎತ್ತಲು ಕಣ್ಣೇ ಆಧಾರ. ಕಣ್ಣು ಮಂಜಾದ ನೇಕಾರನು ಬರಿಯ ನೋಟವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಅವನ ಕಾಯಕವೇ ನಿಂತುಹೋಗುತ್ತದೆ. ಅವನ ಕೈಹಿಡಿದು ನಡೆಸಲು ಮನೆಯ ಹುಡುಗನೊಬ್ಬನು ಶಾಲೆಯನ್ನು ಬಿಡುತ್ತಾನೆ. ಹೀಗೆ ಒಬ್ಬನ ಕುರುಡು ಇಬ್ಬರ ಬಾಳನ್ನು ಕವಿಯುತ್ತದೆ. ಒಂದು ಶಸ್ತ್ರಕ್ರಿಯೆಯಿಂದ ತಪ್ಪಬಹುದಾದ ಈ ನಷ್ಟವು ವೈದ್ಯನು ದೂರವಿರುವ ಒಂದೇ ಕಾರಣದಿಂದ ತಪ್ಪದೆ ಹೋಗುತ್ತಿದ್ದಿತು.

ಇಂಥ ಪರಿಸರದಲ್ಲಿ ಬೆಳೆದ ತರುಣ ಮೋದಿಯವರು ವೈದ್ಯವಿದ್ಯೆಯನ್ನು ಕಲಿತು, ಮುಂಬಯಿಯಲ್ಲಿ ನೇತ್ರಚಿಕಿತ್ಸೆಯ ವಿಶೇಷ ಪರಿಣತಿಯನ್ನು ಪಡೆದರು. ಮುಂಬಯಿಯಂಥ ಮಹಾನಗರದಲ್ಲಿ ಕುಶಲ ನೇತ್ರತಜ್ಞನಿಗೆ ಹಣಕ್ಕೂ ಮಾನ್ಯತೆಗೂ ಕೊರತೆಯಿರಲಿಲ್ಲ. ಆದರೆ ಅದು ದೇಶವೆಲ್ಲ ಹೊಸ ಚೈತನ್ಯದಿಂದ ಮಿಡಿಯುತ್ತಿದ್ದ ಕಾಲ. ಮಹಾತ್ಮಾ ಗಾಂಧೀಜಿಯವರ ವಿಚಾರಗಳು ತರುಣ ವೈದ್ಯರ ಮನಸ್ಸನ್ನು ಸೆಳೆದವು. 1942 ರ ಚಲೇಜಾವ್ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ದೇಶಸೇವೆಗೆ ಅನೇಕರು ಅನೇಕ ದಾರಿಗಳನ್ನು ಹಿಡಿದರು. ಮೋದಿಯವರು ತಾವು ಕಲಿತ ವಿದ್ಯೆಯನ್ನೇ ದೇಶಸೇವೆಯ ಸಾಧನವನ್ನಾಗಿ ಮಾಡಿಕೊಂಡರು. 1943 ರಿಂದ ಅವರು ಹಳ್ಳಿಯ ಬಡವರಿಗಾಗಿ ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯ ಕಾರ್ಯವನ್ನು ಕೈಗೊಂಡರು. ರೋಗಿಯು ವೈದ್ಯನ ಬಳಿಗೆ ಬರಲಾರದಿದ್ದರೆ ವೈದ್ಯನೇ ರೋಗಿಯ ಬಳಿಗೆ ಹೋಗತಕ್ಕದ್ದು ಎಂಬ ಸರಳ ನಿರ್ಧಾರವೇ ಅವರ ಮುಂದಿನ ಬದುಕಿನ ಅಡಿಗಲ್ಲಾಯಿತು.

ಅದೇ 1943 ರಲ್ಲಿ ಬ್ರಿಟಿಷ್ ಇಂಡಿಯಾದ ಸರಕಾರವು ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಲು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದುದು ಗಮನಿಸತಕ್ಕ ಸಂಗತಿ. 1946 ರಲ್ಲಿ ಹೊರಬಂದ ಅದರ ವರದಿಯು, ದೇಶದಲ್ಲಿ ಸುಮಾರು 6,300 ಜನರಿಗೆ ಒಬ್ಬನಂತೆ ಮಾತ್ರ ವೈದ್ಯನಿರುವನೆಂದೂ, ಅವರಲ್ಲಿಯೂ ಬಹುಪಾಲು ಜನ ಪಟ್ಟಣಗಳಲ್ಲಿಯೇ ನೆಲೆಸಿರುವರೆಂದೂ ತೋರಿಸಿಕೊಟ್ಟಿತು. ವೈದ್ಯ ವಿದ್ಯಾರ್ಥಿಗಳಿಗೆ ರೋಗ ನಿವಾರಣೆ ಹಾಗೂ ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿಯನ್ನು ಕೊಟ್ಟು, ಅವರನ್ನು ಸಮಾಜದ ವೈದ್ಯರನ್ನಾಗಿ ರೂಪಿಸಬೇಕೆಂಬುದು ಆ ಸಮಿತಿಯ ಮಹತ್ತ್ವದ ಶಿಫಾರಸುಗಳಲ್ಲೊಂದು. ದಿಲ್ಲಿಯಲ್ಲಿ ಹಿರಿಯರು ಕಾಗದದ ಮೇಲೆ ಈ ಧ್ಯೇಯವನ್ನು ರೂಪಿಸುತ್ತಿದ್ದಾಗಲೇ ಬೀಳಗಿಯ ಇಪ್ಪತ್ತೇಳು ವರ್ಷದ ವೈದ್ಯರೊಬ್ಬರು ತಮ್ಮ ಉಪಕರಣಗಳ ಪೆಟ್ಟಿಗೆಯೊಡನೆ ಹಳ್ಳಿಯ ದಾರಿಯನ್ನು ಹಿಡಿದಿದ್ದರು.

ಡಾ. ಮೋದಿಯವರ ನೇತ್ರಚಿಕಿತ್ಸಾ ಶಿಬಿರವು ದೊಡ್ಡದೊಂದು ಸಂಘಟನೆಯ ಫಲ. ಊರಿನ ಶಾಲೆ, ಧರ್ಮಶಾಲೆ, ಮಠ, ಮಂಗಲಕಾರ್ಯಾಲಯಗಳೇ ಇಂಥ ಶಿಬಿರಗಳ ಕಾಲದಲ್ಲಿ ಆಸ್ಪತ್ರೆಗಳಾಗುತ್ತಿದ್ದವು. ಸುತ್ತಲಿನ ಗ್ರಾಮಗಳಲ್ಲಿ ಮುಂಚಿತವಾಗಿ ಸುದ್ದಿ ಸಾರಲಾಗುತ್ತಿದ್ದಿತು. ಸಾವಿರಾರು ಜನ ಗಾಡಿಗಳಲ್ಲಿಯೂ ಕಾಲ್ನಡಿಗೆಯಿಂದಲೂ ಬಂದು ನೆರೆಯುತ್ತಿದ್ದರು. ಮೊದಲು ಎಲ್ಲರ ಕಣ್ಣುಗಳ ತಪಾಸಣೆ. ಔಷಧಿಯಿಂದ ಗುಣವಾಗತಕ್ಕವರಿಗೆ ಔಷಧಿ. ಪೊರೆ ಬೆಳೆದವರಿಗೆ ಶಸ್ತ್ರಕ್ರಿಯೆಯ ಸಿದ್ಧತೆ. ಶಸ್ತ್ರಕ್ರಿಯೆಯ ಮೇಜುಗಳನ್ನು ಸಾಲಾಗಿ ಇಡಲಾಗುತ್ತಿದ್ದಿತು. ಒಂದು ಮೇಜಿನ ರೋಗಿಯ ಶಸ್ತ್ರಕ್ರಿಯೆಯು ನಡೆದಿರುವಾಗಲೇ ಮುಂದಿನ ಮೇಜಿನ ರೋಗಿಯನ್ನು ಸಹಾಯಕರು ಅಣಿಗೊಳಿಸುತ್ತಿದ್ದರು. ವೈದ್ಯರು ಒಂದರಿಂದ ಮತ್ತೊಂದಕ್ಕೆ ಸಾಗುತ್ತ, ಹೊತ್ತು ವ್ಯರ್ಥವಾಗದಂತೆ ಕೆಲಸವನ್ನು ನಡೆಸುತ್ತಿದ್ದರು. ಮಗ್ಗದ ಮನೆಯಲ್ಲಿ ನೂಲು ಸುತ್ತುವವರು, ಹಾಸು ಹೂಡುವವರು, ನೇಯುವವರು ತಮ್ಮ ತಮ್ಮ ಪಾಲಿನ ಕೆಲಸವನ್ನು ಒಂದರ ಹಿಂದೊಂದು ನಡೆಸುವಂತೆಯೇ ಈ ವ್ಯವಸ್ಥೆಯೂ ಇದ್ದಿತು. ಶಸ್ತ್ರವೈದ್ಯರ ಅಮೂಲ್ಯವಾದ ವೇಳೆಯು ಅವರಿಂದಲೇ ಆಗಬೇಕಾದ ಕೆಲಸಕ್ಕೆ ಮಾತ್ರ ಸಲ್ಲಬೇಕೆಂಬುದು ಇದರ ಗುಟ್ಟು.

ಅಂದಿನ ದಶಕಗಳಲ್ಲಿ ಮೋತಿಬಿಂದುವಿನ ಶಸ್ತ್ರಕ್ರಿಯೆಯೆಂದರೆ ಮಂಜಾದ ಮಸೂರವನ್ನು ಅದರ ಕೋಶಸಹಿತವಾಗಿ ಹೊರತೆಗೆಯುವುದಾಗಿದ್ದಿತು. ಅನಂತರ ರೋಗಿಯು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೆಲವು ದಿನ ಅಲುಗಾಡದೆ ಮಲಗಿರಬೇಕು. ಪಟ್ಟಿ ಬಿಚ್ಚಿದ ಮೇಲೆ, ತೆಗೆದ ಮಸೂರದ ಬದಲಿಗೆ ದಪ್ಪ ಗಾಜಿನ ಕನ್ನಡಕವನ್ನು ಧರಿಸಬೇಕು. ಈ ದಿನಗಳಲ್ಲಿ ನೂರಾರು ರೋಗಿಗಳಿಗೂ ಅವರ ಜೊತೆಗೆ ಬಂದವರಿಗೂ ಅನ್ನ, ನೀರು, ಹಾಸಿಗೆಗಳ ಏರ್ಪಾಡಾಗಬೇಕು. ಇಂಥ ಶಿಬಿರಗಳಲ್ಲಿ ಈ ಹೊರೆಯನ್ನು ಹೊತ್ತವರು ಆಯಾ ಊರಿನ ವರ್ತಕರು, ಒಕ್ಕಲಿಗರು, ಸೇವಾಸಂಸ್ಥೆಗಳು, ಧರ್ಮಸಂಸ್ಥೆಗಳು. ಒಬ್ಬರು ಜೋಳ ಕೊಟ್ಟರೆ ಮತ್ತೊಬ್ಬರು ಕಟ್ಟಿಗೆ ಕೊಡುವರು. ತರುಣರು ರೋಗಿಗಳ ಕೈಹಿಡಿದು ನಡೆಸುವರು. ವೈದ್ಯರ ಕೌಶಲ ಮತ್ತು ಊರಿನ ದಾಸೋಹ ಇವೆರಡೂ ಕೂಡಿದಾಗಲೇ ಶಿಬಿರವು ಯಶಸ್ವಿಯಾಗುತ್ತಿದ್ದಿತು. ರೋಗಿಯು ಮಾತ್ರ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಸಂಚಾರಿ ನೇತ್ರಚಿಕಿತ್ಸಾಲಯವನ್ನು ಹೂಡಿಕೊಂಡು ಮೋದಿಯವರು ಕರ್ನಾಟಕದಲ್ಲಿ ಮಾತ್ರವಲ್ಲದೆ ಹೊರಪ್ರಾಂತಗಳಲ್ಲಿಯೂ ಸಂಚರಿಸಿದರು. ಕಣ್ಣು ಕೊಟ್ಟ ಅಣ್ಣನೆಂದು ಜನರು ಅವರನ್ನು ಅಕ್ಕರೆಯಿಂದ ಕರೆದರು. ಹಳ್ಳಿಗರು ಒಬ್ಬ ವೈದ್ಯನನ್ನು ಅಣ್ಣನೆಂದು ಮನೆಯವನನ್ನಾಗಿ ಮಾಡಿಕೊಳ್ಳುವುದಕ್ಕಿಂತ ಹಿರಿದಾದ ಬಿರುದು ಬೇರೆ ಇರಲಾರದು.

ಅವರ ಕಾರ್ಯದ ವಿಸ್ತಾರವನ್ನು ಗಿನ್ನೆಸ್ ದಾಖಲೆಗಳ ಗ್ರಂಥವು ಅಂಕೆಗಳಲ್ಲಿ ಹಿಡಿದಿಟ್ಟಿದೆ. ಆ ಗ್ರಂಥದ ಪ್ರಕಾರ 1943 ರಿಂದ 1993 ರ ಫೆಬ್ರುವರಿಯವರೆಗೆ ಮೋದಿಯವರು 46,120 ಗ್ರಾಮಗಳನ್ನು ಸಂದರ್ಶಿಸಿ, 1,21,18,630 ರೋಗಿಗಳನ್ನು ನೋಡಿ, 6,10,564 ಶಸ್ತ್ರಕ್ರಿಯೆಗಳನ್ನು ಮಾಡಿದರು. ಒಂದೇ ದಿನದಲ್ಲಿ 833 ಮೋತಿಬಿಂದು ಶಸ್ತ್ರಕ್ರಿಯೆಗಳನ್ನು ನಡೆಸಿದುದೂ ಅದರಲ್ಲಿ ದಾಖಲಾಗಿದೆ. ಒಂದು ದಿನದ ಆ ಸಾಹಸವೇ ಸಾಮಾನ್ಯವಾಗಿ ಜನರ ಬಾಯಲ್ಲಿ ಉಳಿದಿದೆ. ಆದರೆ ಉಳಿದ ಅಂಕೆಗಳನ್ನು ಸ್ವಲ್ಪ ಎಣಿಸಿ ನೋಡಿದರೆ ಅದಕ್ಕಿಂತಲೂ ಅರ್ಥಪೂರ್ಣವಾದ ಸಂಗತಿ ಗೋಚರಿಸುವುದು. ಐವತ್ತು ವರ್ಷಗಳಲ್ಲಿ ಒಂದು ದಿನವೂ ಬಿಡುವಿಲ್ಲದೆ ಲೆಕ್ಕ ಹಾಕಿದರೂ ದಿನಕ್ಕೆ ಸರಾಸರಿ ಮೂವತ್ತಮೂರು ಶಸ್ತ್ರಕ್ರಿಯೆಗಳಾಗುತ್ತವೆ. ಅವರು ನೋಡಿದ ಇಪ್ಪತ್ತು ಜನರಲ್ಲಿ ಸುಮಾರಾಗಿ ಒಬ್ಬರಿಗೆ ಶಸ್ತ್ರಕ್ರಿಯೆಯಾಗಿದೆ; ಉಳಿದ ಹತ್ತೊಂಬತ್ತು ಜನರಿಗೆ ತಪಾಸಣೆ, ಔಷಧಿ, ಸಲಹೆಗಳು ದೊರೆತಿವೆ. ಒಂದು ದಿನದ ಉತ್ಸಾಹವು ಅನೇಕರಲ್ಲಿ ಇರಬಹುದು. ಐವತ್ತು ವರ್ಷಗಳ ನಿಷ್ಠೆಯು ಕೋಟಿಗೊಬ್ಬನಲ್ಲಿಯೂ ದುರ್ಲಭ.

ಭಾರತ ಸರಕಾರವು ಈ ಸೇವೆಯನ್ನು ಗುರುತಿಸಿ 1956 ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ 1968 ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನೂ ಇತ್ತು ಗೌರವಿಸಿತು. ಪದ್ಮಶ್ರೀ ದೊರೆತ 1956 ರಲ್ಲಿಯೇ ರಾಜ್ಯ ಪುನರ್ವಿಂಗಡಣೆಯಾಗಿ, ಮುಂಬಯಿ ರಾಜ್ಯದಲ್ಲಿದ್ದ ವಿಜಾಪುರ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಅದಕ್ಕೂ ಮೊದಲೇ, 1948 ರಲ್ಲಿ, ಜಮಖಂಡಿ, ಮುಧೋಳ, ಸಾಂಗ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿದ್ದವು. ಮುಂಬಯಿ ರಾಜ್ಯದ ಆರೋಗ್ಯ ಹಾಗೂ ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ಜಮಖಂಡಿಯ ಜತ್ತಿಯವರೇ ಕೆಲಕಾಲ ಸೇವೆ ಸಲ್ಲಿಸಿದುದು ಈ ಸೀಮೆಗೆ ಅಭಿಮಾನದ ವಿಷಯ. ಹೀಗೆ ಹರಿದು ಹಂಚಿಹೋಗಿದ್ದ ಈ ನಾಡು ಒಂದು ಆಡಳಿತದ ನೆರಳಿಗೆ ಬಂದ ಮೇಲೆ ಆರೋಗ್ಯದ ಹೊಣೆಯೂ ಒಂದು ಸರಕಾರದ ಮೇಲೆ ಬಿದ್ದಿತು.

ಸ್ವತಂತ್ರ ಭಾರತದ ಸರಕಾರಗಳು ಈ ಹೊಣೆಯನ್ನು ಅಲ್ಲಗಳೆಯಲಿಲ್ಲ. 1952 ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ಅಂಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. 1957 ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಸರಕಾರದ ಕಾಲೇಜಿನಲ್ಲಿ ವಿದ್ಯಾರ್ಥಿಯು ಕೊಡುವ ಶುಲ್ಕವು ಅವನ ಶಿಕ್ಷಣಕ್ಕೆ ತಗಲುವ ವೆಚ್ಚದ ಅಲ್ಪಾಂಶ ಮಾತ್ರ. ಉಳಿದುದೆಲ್ಲ ಸಾರ್ವಜನಿಕರ ಹಣ. ಹೀಗಿದ್ದರೂ ಪದವೀಧರರು ನಗರಗಳತ್ತಲೇ ಸರಿಯುತ್ತಿದ್ದರು. ಇದಕ್ಕೆ ವೈದ್ಯರ ಸ್ವಾರ್ಥವೊಂದೇ ಕಾರಣವೆಂದು ಹೇಳುವುದು ನ್ಯಾಯವಾಗದು. ದೊಡ್ಡ ಆಸ್ಪತ್ರೆಯಲ್ಲಿ, ಎಲ್ಲ ಉಪಕರಣಗಳ ನಡುವೆ, ಅನೇಕ ತಜ್ಞರ ಬೆಂಬಲದಲ್ಲಿ ಕಲಿತ ತರುಣನಿಗೆ ಹಳ್ಳಿಯ ದವಾಖಾನೆಯಲ್ಲಿ ಒಬ್ಬಂಟಿಗನಾಗಿ ನಿಂತು ಕೆಲಸ ಮಾಡುವುದನ್ನು ಯಾರೂ ಕಲಿಸಿರಲಿಲ್ಲ.

ಈ ಕೊರತೆಯನ್ನು ಕಂಡುಕೊಂಡ ಶ್ರೀವಾಸ್ತವ ಸಮಿತಿಯು 1975 ರಲ್ಲಿ ವರದಿಯನ್ನು ಸಲ್ಲಿಸಿತು. ಅದರ ವಿಚಾರಗಳನ್ನನುಸರಿಸಿ ಕೇಂದ್ರ ಸರಕಾರವು 1977 ರಲ್ಲಿ ವೈದ್ಯಶಿಕ್ಷಣಕ್ಕೆ ಹೊಸ ದಿಕ್ಕನ್ನು ಕೊಡುವ ಯೋಜನೆಯೊಂದನ್ನು ಕೈಗೊಂಡಿತು. ರೋಮ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ ಈ ಯೋಜನೆಯಂತೆ ಪ್ರತಿಯೊಂದು ವೈದ್ಯಕೀಯ ಕಾಲೇಜು ಮೊದಲ ಹಂತದಲ್ಲಿ ಮೂರು ಅಭಿವೃದ್ಧಿ ವಿಭಾಗಗಳ ಆರೋಗ್ಯದ ಹೊಣೆಯನ್ನು ವಹಿಸಿಕೊಂಡು, ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳ್ಳಿಗೆ ಹೋಗಿ ಅಲ್ಲಿಯೇ ಕಲಿತು ಕಲಿಸಬೇಕಾಗಿದ್ದಿತು. ಇದಕ್ಕಾಗಿ ಕೇಂದ್ರದ ಧನಸಹಾಯವೂ ಸಂಚಾರಿ ಚಿಕಿತ್ಸಾಲಯದ ವಾಹನಗಳೂ ದೊರೆತವು. ಹಳ್ಳಿಯ ಸೇವೆಗಾಗಿ ವೈದ್ಯ ವಿದ್ಯಾರ್ಥಿಗಳನ್ನು ಅಣಿಗೊಳಿಸಲು ಸರಕಾರವು ಕೊಟ್ಟ ಅನುದಾನಗಳಲ್ಲಿ ಇದು ಮುಖ್ಯವಾದುದು. ಆದರೆ ವಾಹನವೂ ಹಣವೂ ಬಂದಷ್ಟು ಸುಲಭವಾಗಿ ಮನೋಭಾವವು ಬದಲಾಗಲಿಲ್ಲ. ಹಲವೆಡೆ ಹಳ್ಳಿಯ ತರಬೇತಿಯು ಸಮಾಜವೈದ್ಯ ವಿಭಾಗವೊಂದರ ಕೆಲಸವೆಂದು ಬಗೆಯಲ್ಪಟ್ಟು, ಉಳಿದ ವಿಭಾಗಗಳ ಹಿರಿಯ ತಜ್ಞರು ಕಾಲೇಜಿನ ಆವರಣವನ್ನು ಬಿಟ್ಟು ಹೊರಡಲಿಲ್ಲ. ಗುರುವು ಹೋಗದ ದಾರಿಯಲ್ಲಿ ಶಿಷ್ಯನು ಹೋಗುವುದು ಕಠಿಣ.

ನೇತ್ರಚಿಕಿತ್ಸೆಯ ಕ್ಷೇತ್ರದಲ್ಲಿ ಸರಕಾರದ ಪ್ರಯತ್ನವು ಇನ್ನೂ ಸ್ಪಷ್ಟವಾದ ಫಲವನ್ನು ಕೊಟ್ಟಿತು. 1963 ರಲ್ಲಿ ಟ್ರಕೋಮಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಗಿದ್ದಿತು. 1971 ರಿಂದ 1974 ರ ವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ಸಮೀಕ್ಷೆಯಲ್ಲಿ ದೇಶದ ಜನಸಂಖ್ಯೆಯ ಶೇಕಡಾ 1.38 ರಷ್ಟು ಜನ ಅಂಧರೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಅಂಧತ್ವಕ್ಕೆ ಮೋತಿಬಿಂದುವೇ ಕಾರಣವೆಂದೂ ಕಂಡುಬಂದಿತು. 1976 ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಕೇಂದ್ರದ ಪೂರ್ಣ ಧನಸಹಾಯದೊಡನೆ ಜಾರಿಗೆ ಬಂದಿತು. ವೈದ್ಯಕೀಯ ಕಾಲೇಜುಗಳ ನೇತ್ರವಿಭಾಗಗಳನ್ನು ಬಲಪಡಿಸುವುದು, ನೇತ್ರ ಶಸ್ತ್ರವೈದ್ಯರಿಗೂ ನೇತ್ರ ಸಹಾಯಕರಿಗೂ ತರಬೇತಿ ಕೊಡುವುದು, ಸಂಚಾರಿ ಘಟಕಗಳನ್ನು ಕಳುಹಿಸುವುದು, ಶಿಬಿರಗಳನ್ನು ನಡೆಸುವ ಸೇವಾಸಂಸ್ಥೆಗಳಿಗೆ ಅನುದಾನ ನೀಡುವುದು, ಇವೆಲ್ಲ ಅದರ ಅಂಗಗಳಾಗಿದ್ದವು. ಮೋದಿಯವರೂ ಅವರಂಥ ಇತರ ಸೇವಾವ್ರತಿಗಳೂ ಮೂರು ದಶಕಗಳಿಂದ ಊರವರ ನೆರವಿನಿಂದಲೇ ನಡೆಸಿಕೊಂಡು ಬಂದಿದ್ದ ಸಂಚಾರಿ ಸೇವೆಗೆ ಹೀಗೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೂ ಒಂದು ಸ್ಥಾನ ದೊರೆಯಿತು.

ಸಾಮೂಹಿಕ ಶಿಬಿರದ ಪದ್ಧತಿಗೆ ಮಿತಿಗಳಿದ್ದುದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ಶಾಲೆಯ ಕೋಣೆಯಲ್ಲಿ ಆಸ್ಪತ್ರೆಯ ಶುಚಿತ್ವವನ್ನು ಕಾಯುವುದು ಬಹು ಎಚ್ಚರಿಕೆಯ ಕೆಲಸ. ಆ ಎಚ್ಚರಿಕೆ ತಪ್ಪಿದರೆ ಅನರ್ಥ ತಪ್ಪದು. 1986 ರಲ್ಲಿ ಉತ್ತರ ಪ್ರದೇಶದ ಖುರ್ಜಾ ಎಂಬ ಊರಿನಲ್ಲಿ ಬೇರೆಯವರು ನಡೆಸಿದ ನೇತ್ರಶಿಬಿರದಲ್ಲಿ ಸೋಂಕು ತಗಲಿ 84 ಜನರ ಕಣ್ಣಿಗೆ ಶಾಶ್ವತ ಹಾನಿಯಾಯಿತು. ಆ ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1989 ರಲ್ಲಿ ತೀರ್ಪು ಬಂದಿತು. ಇದಲ್ಲದೆ, ಶಿಬಿರವು ಮುಗಿದು ವೈದ್ಯರು ಮುಂದಿನ ಊರಿಗೆ ಹೋದ ಮೇಲೆ ರೋಗಿಯ ಕಣ್ಣಿನಲ್ಲಿ ತೊಡಕು ಕಂಡುಬಂದರೆ ನೋಡುವವರು ಯಾರು? ದಪ್ಪ ಗಾಜಿನ ಕನ್ನಡಕವು ಒಡೆದುಹೋದರೆ ಹೊಸದನ್ನು ಕೊಡುವವರು ಯಾರು? 1949 ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಮೊದಲು ಅಳವಡಿಸಿದ ಕೃತಕ ಮಸೂರವು ಮುಂದೆ ಭಾರತದಲ್ಲಿಯೂ ಬಳಕೆಗೆ ಬಂದು, ಅದನ್ನು ಕಣ್ಣಿನೊಳಗೆ ಕೂಡಿಸುವ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವೇ ಮೊದಲಾದ ಸಾಧನಗಳುಳ್ಳ ಶಸ್ತ್ರಾಗಾರವು ಅವಶ್ಯವಾಯಿತು. ಆದ್ದರಿಂದ 1990 ರ ದಶಕದಿಂದೀಚೆಗೆ ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಎಂಬ ಪದ್ಧತಿಯು ಪ್ರಚಾರಕ್ಕೆ ಬಂದಿತು. ಇದರಿಂದ ಮೋದಿಯವರ ಕಾರ್ಯದ ಬೆಲೆಯೇನೂ ಕುಂದುವುದಿಲ್ಲ. ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಅವರು ಆಸ್ಪತ್ರೆಯನ್ನು ಹಳ್ಳಿಗೆ ಒಯ್ದರು. ಆಸ್ಪತ್ರೆಗಳು ಬಂದ ಮೇಲೆ ರೋಗಿಯನ್ನು ಅಲ್ಲಿಗೆ ಕರೆತರುವ ವಾಹನವು ಹಳ್ಳಿಗೆ ಹೋಯಿತು. ಎರಡರಲ್ಲಿಯೂ ಮೊದಲ ಹೆಜ್ಜೆಯನ್ನು ಇಡತಕ್ಕವನು ವೈದ್ಯನೇ ಎಂಬ ತತ್ತ್ವವು ಬದಲಾಗಲಿಲ್ಲ.

ಸ್ಥಿರವಾದ ಸಂಸ್ಥೆಯ ಅವಶ್ಯಕತೆಯನ್ನು ಮೋದಿಯವರೂ ಅರಿತಿದ್ದರು. ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ನೇತ್ರಚಿಕಿತ್ಸಾಲಯವು ಸ್ಥಾಪಿತವಾಯಿತು. ಆ ನಗರದ ಒಂದು ರಸ್ತೆಯೂ ಅವರ ಹೆಸರನ್ನು ಹೊತ್ತಿದೆ. ಸುದೀರ್ಘವಾದ ಸೇವಾಜೀವನವನ್ನು ನಡೆಸಿದ ಆ ಮಹನೀಯರು 2005 ನೆಯ ಇಸವಿ ನವೆಂಬರ್ 11 ರಂದು, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಲಿಂಗೈಕ್ಯರಾದರು. ಅವರ ಕೈಯಿಂದ ಬೆಳಕನ್ನು ಪಡೆದವರಲ್ಲಿ ಬಹುಜನರು ಅಷ್ಟರಲ್ಲಿ ತಾವೂ ಕಾಲವಶರಾಗಿದ್ದರು. ಆದರೆ ಅಜ್ಜನ ಕಣ್ಣು ಬಂದುದರಿಂದ ಶಾಲೆಗೆ ಮರಳಿದ ಮೊಮ್ಮಕ್ಕಳು, ಅವ್ವನ ಕಣ್ಣು ಬಂದುದರಿಂದ ನಿಶ್ಚಿಂತೆಯಿಂದ ಹೊಲಕ್ಕೆ ಹೋದ ಮಕ್ಕಳು ಎಷ್ಟೆಂಬುದನ್ನು ಯಾವ ದಾಖಲೆಯ ಗ್ರಂಥವೂ ಎಣಿಸಲಾರದು.

ಮೋದಿಯವರ ಬಾಲ್ಯದ ನಾಡು ಇಂದು ಬಹಳ ಬದಲಾಗಿದೆ. 1984 ಮತ್ತು 1986 ರಲ್ಲಿ ವಿಜಾಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಆರಂಭವಾದವು. 1997 ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಯಿತು. 2002 ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಅಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ತೆರೆಯಿತು. ಮಿರಜದ ದಾರಿಯನ್ನು ಕಾಯುತ್ತಿದ್ದ ಸೀಮೆಯಲ್ಲಿಯೇ ಈಗ ವೈದ್ಯರು ತಯಾರಾಗುತ್ತಾರೆ. ದೇಶದಲ್ಲಿ ಅಂಧತ್ವದ ಪ್ರಮಾಣವೂ ಇಳಿದಿದೆ. 2015 ರಿಂದ 2019 ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅದು ಶೇಕಡಾ 0.36 ಎಂದು ಕಂಡುಬಂದಿತು. ಆದರೂ ಹಳ್ಳಿಗೆ ವೈದ್ಯನನ್ನು ಕಳುಹಿಸುವ ಸಮಸ್ಯೆ ತೀರಲಿಲ್ಲ. ವೈದ್ಯ ಪದವೀಧರರು ಒಂದು ವರ್ಷ ಸರಕಾರಿ ಸೇವೆ ಸಲ್ಲಿಸಬೇಕೆಂಬ ಶಾಸನವನ್ನು ಕರ್ನಾಟಕವು 2012 ರಲ್ಲಿ ರಚಿಸಿ 2015 ರಲ್ಲಿ ಜಾರಿಗೆ ತಂದಿತು. ಮುಂದೆ ಅದರ ಕಡ್ಡಾಯವು ಸಡಿಲಗೊಂಡಿತು. ಶಾಸನವು ವೈದ್ಯನ ದೇಹವನ್ನು ಒಂದು ವರ್ಷ ಹಳ್ಳಿಯಲ್ಲಿ ನಿಲ್ಲಿಸಬಲ್ಲುದು. ಅವನ ಮನಸ್ಸನ್ನು ಅಲ್ಲಿ ನಿಲ್ಲಿಸುವ ಕೆಲಸ ಬಹಳ ಮೊದಲು, ಮನೆಯಲ್ಲಿಯೂ ಶಾಲೆಯಲ್ಲಿಯೂ, ಆಗಬೇಕಾಗುತ್ತದೆ.

ಬಡ ವಿದ್ಯಾರ್ಥಿಗೆ ಸರಕಾರವು ಕೊಡುವ ಅನುದಾನವಾಗಲಿ, ದಾನಿಗಳು ಇಡುವ ವಿದ್ಯಾರ್ಥಿನಿಧಿಯಾಗಲಿ, ಮಠಮಾನ್ಯಗಳ ಪ್ರಸಾದ ನಿಲಯದ ತುತ್ತಾಗಲಿ, ಕೊನೆಗೆ ಜನರ ದುಡಿಮೆಯಿಂದಲೇ ಬಂದುದು. ಜೋಳ ಬೆಳೆದವನು, ಸೀರೆ ನೇಯ್ದವನು, ಕಬ್ಬು ಕಡಿದವನು ಅದರ ನಿಜವಾದ ದಾನಿಗಳು. ಆ ಋಣವನ್ನು ತೀರಿಸುವ ಬಗೆಯನ್ನು ಡಾ. ಮೋದಿಯವರು ಆಡಿ ತೋರಿಸದೆ ಮಾಡಿ ತೋರಿಸಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆಗಳಿಂದ ಪ್ರತಿವರ್ಷವೂ ವೈದ್ಯಕೀಯ ಕಾಲೇಜಿಗೆ ಹೋಗುವ ಬಾಲಕ ಬಾಲಕಿಯರಲ್ಲಿ ಒಬ್ಬಿಬ್ಬರಾದರೂ ಅವರ ದಾರಿಯನ್ನು ಹಿಡಿದು, ತಮ್ಮನ್ನು ಓದಿಸಿದ ಹಳ್ಳಿಗಳಿಗೆ ಮರಳಿ ಬಂದರೆ, ಬೀಳಗಿಯ ಆ ಮಹಾಚೇತನಕ್ಕೆ ಈ ನಾಡು ಸಲ್ಲಿಸಬಹುದಾದ ಗೌರವ ಅದಕ್ಕಿಂತ ದೊಡ್ಡದಿಲ್ಲ.